ಬೇಲಿ ಕಿತ್ತ ವರ್ಷ

ಯಸವತಿ ಅಕ್ಕ ಮಣ್ಣಿಗೆ ಕೈ ಹಾಕಿದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವಳ ಕೈಗೆ ಗೊತ್ತಿದ್ದದ್ದು ಕಾಗದ ಮಾತ್ರ. ಹುಟ್ಟಿದ್ದು ಮರದಾನೆಯ ರೈಲು ಹಳಿಯ ಪಕ್ಕದ ಸಾಲುಮನೆಯಲ್ಲಿ. ಅಲ್ಲಿ ಒಂದು ಹೂಕುಂಡ ಇಡುವುದಕ್ಕೂ ಅಕ್ಕಪಕ್ಕದವರ ಒಪ್ಪಿಗೆ ಬೇಕಿತ್ತಂತೆ. ದೊಡ್ಡವಳಾದ ಮೇಲೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಸಿಕ್ಕಿತು. ಪಿಯದಾಸನನ್ನು ಮದುವೆಯಾಗಿ ಕೊಲೊನ್ನಾವದ ನಮ್ಮ ಗಲ್ಲಿಗೆ ಬಂದಳು. ಮನೆಯ ಹಿಂದೆ ಹಿತ್ತಲೇನೋ ಇತ್ತು. ಆದರೆ ಅದು ಬಟ್ಟೆ ಒಣಗಿಸುವುದಕ್ಕೆ, ತೆಂಗಿನ ಚಿಪ್ಪು ಎಸೆಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅಲ್ಲ. ಪಿಯದಾಸ ತೀರಿಕೊಂಡ. ಒಬ್ಬಳೇ ಮಗಳು ನಿಲೂಕಾ ಮದುವೆಯಾಗಿ ಅನುರಾಧಪುರಕ್ಕೆ ಹೋದಳು. ಹಿತ್ತಲು ಹಾಗೇ ಇತ್ತು.

ನಾನು ಎದುರು ಮನೆಯವಳು, ಸೆಲ್ವಿ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಗಲ್ಲಿಯಲ್ಲಿ ನಡೆಯುವುದರಲ್ಲಿ ಅರ್ಧ ನನ್ನ ಕಣ್ಣಿಗೆ ಬೀಳುತ್ತದೆ. ಉಳಿದರ್ಧವನ್ನು ಯಸವತಿ ಅಕ್ಕ ಬಂದು ಹೇಳುತ್ತಾಳೆ.

ಅವಳ ಮನೆಗೆ ಅಂಟಿಕೊಂಡಂತೆ ಪ್ರೇಮಲತಾಳ ಮನೆ. ಇಬ್ಬರ ಹಿತ್ತಲ ನಡುವೆ ಗೊಬ್ಬರದ ಗಿಡದ ಹಳೆಯ ಬೇಲಿ, ಆಳೆತ್ತರ ಬೆಳೆದು ನೆರಳು ಕವಿದಿತ್ತು. ಆ ಬೇಲಿಯಲ್ಲಿ ಒಂದು ಕಂಡಿ. ಅದರ ಮೂಲಕ ಎಷ್ಟು ವರ್ಷ ಎಷ್ಟು ಬಟ್ಟಲು ಹುಳಿ, ಪಲ್ಯ ಆ ಕಡೆಯಿಂದ ಈ ಕಡೆ ಓಡಾಡಿದವೋ ಲೆಕ್ಕವಿಟ್ಟವರಿಲ್ಲ. ಪಿಯದಾಸ ಸತ್ತ ವಾರ ಯಸವತಿ ಅಕ್ಕ ಒಲೆಯ ಮುಂದೆ ಕೂರಲಾರದೆ ಹೋದಾಗ ಸತ್ತವರ ಹೆಸರಿನಲ್ಲಿ ಭಿಕ್ಷುಗಳಿಗೆ ಬಡಿಸುವ ದಾನದ ಅಡಿಗೆಯನ್ನೆಲ್ಲ ಮಾಡಿದವಳು ಪ್ರೇಮಲತಾ. ಒಡಹುಟ್ಟಿದವರೂ ಹಾಗೆ ಮಾಡುವುದಿಲ್ಲ.

ಆಮೇಲೆ ದೇಶದ ಬೊಕ್ಕಸ ಬರಿದಾಗಿ ಎಲ್ಲವೂ ಮುಗಿದುಹೋದ ಆ ವರ್ಷ ಬಂತು. ಗ್ಯಾಸ್ ಇಲ್ಲ, ಸೀಮೆಎಣ್ಣೆ ಇಲ್ಲ, ಮಕ್ಕಳಿಗೆ ಹಾಲಿನ ಪುಡಿ ಇಲ್ಲ. ಪ್ರೇಮಲತಾಳ ಗಂಡ ದಯಾರತ್ನನ ಆಟೋ ಪೆಟ್ರೋಲಿಲ್ಲದೆ ಮನೆ ಮುಂದೆ ನಿಂತು ಅದರ ಸೀಟಿನ ಮೇಲೆ ಗಲ್ಲಿಯ ಬೆಕ್ಕು ಮರಿ ಹಾಕಿತು. ಸರ್ಕಾರಿ ನೌಕರರಿಗೆ ಶುಕ್ರವಾರ ರಜೆ ಎಂದರು. ಮನೆಯಲ್ಲಿದ್ದು ತರಕಾರಿ ಬೆಳೆದುಕೊಳ್ಳಿ ಎಂದರು. ಗಲ್ಲಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಇದ್ದವಳು ಯಸವತಿ ಅಕ್ಕ ಒಬ್ಬಳೇ.

"ಸಂಬಳ ಕೊಟ್ಟು ರಜೆ ಕೊಟ್ಟಿದಾರೆ ಸೆಲ್ವಿ. ಬೆಳೀದೆ ಕೂತ್ರೆ ಕದ್ದು ತಿಂದ ಹಾಗಾಗುತ್ತೆ," ಎಂದಳು.

ಮೊದಲ ಶುಕ್ರವಾರ ಅಲಸಂದೆ ಬೀಜ ಹಾಕಿದಳು. ಮಾರನೆಯ ದಿನ ಬೆಳಿಗ್ಗೆ ಕೆದಕಿ ನೋಡಿ ಮುಚ್ಚಿದಳು. ಅದರ ಮಾರನೆಯ ದಿನವೂ ಕೆದಕಿ ನೋಡಿದಳು. ಬೇಲಿಯ ಕಂಡಿಯಿಂದ ನೋಡುತ್ತಿದ್ದ ಪ್ರೇಮಲತಾಗೆ ತಡೆಯಲಾಗಲಿಲ್ಲ. ಅವಳು ಹಂಬಂತೋಟದ ಕಡೆಯ ಬೇಸಾಯದ ಮನೆಯವಳು.

"ಅಯ್ಯೋ ಯಸಕ್ಕಾ! ಅದು ಬೀಜ. ನಿಮ್ಮ ಆಫೀಸಿನ ಕಾಗದ ಅಲ್ಲ, ಎಲ್ಲಿಗೆ ಹೋಯ್ತು ಅಂತ ದಿನಾ ವಿಚಾರಿಸೋಕೆ."

"ಇಷ್ಟು ದಿನವಾದ್ರೂ ಬರ್ಲಿಲ್ವಲ್ಲೇ."

"ರಿಜಿಸ್ಟರ್ ಮಾಡಿ ಕಳಿಸ್ಬೇಕಿತ್ತು ಅಕ್ಕಾ," ಎಂದು ಒಳಗಿನಿಂದ ದಯಾರತ್ನ ಕೂಗಿದ. ಮೂವರೂ ನಕ್ಕದ್ದು ನನ್ನ ಕಿಟಕಿಗೂ ಕೇಳಿಸಿತು.

ಆಮೇಲಿನಿಂದ ಪ್ರೇಮಲತಾಳೇ ಗುರು. ಬೀಜವನ್ನು ಬೆರಳಿನ ಒಂದು ಗೆಣ್ಣಿಗಿಂತ ಆಳಕ್ಕೆ ಇಳಿಸಬಾರದು ಎಂದು ತೋರಿಸಿದಳು. ಬೂದಿ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದಳು. ಮೊಳಕೆ ಬಂತು. ಆದರೆ ಸಣಕಲಾಗಿ, ಬಿಳಿಚಿಕೊಂಡು ಮೇಲಕ್ಕೆ ಎಳೆದುಕೊಂಡು ಬಿದ್ದುಹೋಯಿತು. ಬೇಲಿಯ ನೆರಳು ಬಿಸಿಲನ್ನೆಲ್ಲ ತಿನ್ನುತ್ತಿತ್ತು. ಪ್ರೇಮಲತಾಳ ಕಡೆಯಲ್ಲೂ ಅದೇ ಕಥೆ.

ಬೇಲಿ ಕಿತ್ತುಬಿಡೋಣ ಎಂದು ಮೊದಲು ಹೇಳಿದವನು ದಯಾರತ್ನ. "ನಮ್ಮ ನಡುವೆ ಬೇಲಿ ಯಾಕೆ ಅಕ್ಕಾ? ಎರಡು ಹಿತ್ತಲೂ ಸೇರಿದ್ರೆ ಒಂದು ಒಳ್ಳೇ ತೋಟ ಆಗುತ್ತೆ. ಕಡಿದ ಕೊಂಬೆ ಒಲೆಗೂ ಆಯ್ತು." ಗ್ಯಾಸ್ ಇಲ್ಲದ ಕಾಲದಲ್ಲಿ ಸೌದೆಯ ಮಾತು ಕೇಳಿ ಯಾರು ಬೇಡ ಅಂದಾರು? ಯಸವತಿ ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಅವಳೇ ಮಚ್ಚು ತಂದುಕೊಟ್ಟಳು.

ಕೊಂಬೆ ಕಡಿದು ಬಿಟ್ಟರೆ ಸಾಕಿತ್ತು. ದಯಾರತ್ನ ಬುಡವನ್ನೂ ಅಗೆದ. ಬೇರು ಬಿಟ್ಟರೆ ಮತ್ತೆ ಚಿಗುರುತ್ತದೆ, ಗಿಡಕ್ಕೆ ಹಾಕಿದ ಗೊಬ್ಬರವನ್ನೆಲ್ಲ ಅದೇ ಹೀರುತ್ತದೆ ಎಂದ. ಅಂಗಿ ಬಿಚ್ಚಿ, ಬೆವರು ಸುರಿಸಿ ಒಂದೊಂದೇ ಬೊಡ್ಡೆಯನ್ನು ಕಿತ್ತು ಹಾಕಿ, ಗುಣಿ ಮುಚ್ಚಿ, ಮಣ್ಣು ಸಮ ಮಾಡಿದ. ಯಸವತಿ ಅಕ್ಕ ಅವನಿಗೆ ಎಳನೀರು ತಂದುಕೊಟ್ಟು, "ನನ್ನ ಸ್ವಂತ ತಮ್ಮ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ," ಎಂದು ನನ್ನ ಎದುರಿಗೇ ಹೇಳಿದಳು.

ಬಿಸಿಲು ಬಿದ್ದ ಮೇಲೆ ಆ ಹಿತ್ತಲು ಬೇರೆಯದೇ ಆಯಿತು. ಬೇಲಿ ಇದ್ದಲ್ಲಿ ಅಲಸಂದೆಗೆ ಚಪ್ಪರ ಹಾಕಿದರು. ಅದರ ಆಚೀಚೆ ಬೆಂಡೆ, ಬದನೆ, ಮೂಲೆಯಲ್ಲಿ ಮರಗೆಣಸು, ಬಾವಿಯ ನೀರು ಹರಿಯುವ ಕಡೆ ಹೊನಗೊನೆ ಸೊಪ್ಪು. ಯಸವತಿ ಅಕ್ಕನ ಉಗುರಿನ ಸಂದಿಯಲ್ಲಿ ಮಣ್ಣು ಕೂತಿತು. ಕಚೇರಿಯಲ್ಲಿ ಯಾರೋ ಕೇಳಿದ್ದಕ್ಕೆ ಕೈ ಮುಂದೆ ಚಾಚಿ ತೋರಿಸಿ ಬಂದಳಂತೆ.

ಮಳೆ ಬಿದ್ದಾಗ ಬಸವನಹುಳು ಮುತ್ತಿಕೊಂಡವು. ಅಂಗೈಯಗಲದ ಹುಳುಗಳು. ಉಪ್ಪು ಹಾಕಿ ಸಾಯಿಸು ಎಂದರೆ ಅವಳು ಒಪ್ಪಲಿಲ್ಲ. ಬಕೆಟ್ಟಿನಲ್ಲಿ ಆಯ್ದುಕೊಂಡು ಕಾಲುವೆಯ ಆಚೆ ದಡಕ್ಕೆ ಬಿಟ್ಟು ಬರುತ್ತಿದ್ದಳು.

"ಅವು ಬಸ್ ಹತ್ಕೊಂಡು ವಾಪಸ್ ಬರ್ತವೆ ನೋಡಿ ಅಕ್ಕಾ," ಎಂದ ದಯಾರತ್ನ.

"ಬಸ್ಸಿಗೆ ಡೀಸೆಲ್ ಎಲ್ಲಿದೆ? ನಿನ್ನ ಆಟೋ ಹಾಗೇ ಅಲ್ಲೇ ಬಿದ್ದಿರ್ತವೆ ಬಿಡು," ಎಂದಳು ಅವಳು.

ಮೊದಲ ಬೆಂಡೆಕಾಯಿಗಳನ್ನು ವಿಹಾರದ ಭಿಕ್ಷುಗಳಿಗೆ ಕೊಟ್ಟಳು. ಎರಡನೆಯ ಕೊಯ್ಲು ಗಲ್ಲಿಗೆ. ನನ್ನ ಮನೆಗೂ ಒಂದು ಹಿಡಿ ಅಲಸಂದೆ ಬಂತು, ಬಾಳೆ ನಾರಿನಲ್ಲಿ ಕಟ್ಟಿ. ಸೊಪ್ಪನ್ನು ಸಣ್ಣಗೆ ಕೊಚ್ಚಿ, ತೆಂಗಿನ ತುರಿ ಹಾಕಿ ಬಾಡಿಸಿ ಇಬ್ಬರೂ ಹೆಂಗಸರು ಹಿತ್ತಲಲ್ಲೇ ಚಾಪೆ ಹಾಕಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಬೇಯಿಸಿದ ಮರಗೆಣಸಿನ ಹಬೆ ನನ್ನ ಮನೆಯವರೆಗೆ ಬರುತ್ತಿತ್ತು. ಯಸವತಿ ಅಕ್ಕ ಗಂಡ ಸತ್ತ ಮೇಲೆ ಅಷ್ಟು ಗೆಲುವಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ. "ನನ್ನ ಕೈಗೆ ಇದೂ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣೇ," ಎನ್ನುತ್ತಿದ್ದಳು.

ಕಷ್ಟದ ಕಾಲ ನಿಧಾನಕ್ಕೆ ಸಡಿಲವಾಯಿತು. ಪೆಟ್ರೋಲ್ ಬಂತು, ಬೆಕ್ಕನ್ನೂ ಮರಿಗಳನ್ನೂ ಇಳಿಸಿ ದಯಾರತ್ನ ಆಟೋ ಓಡಿಸಿದ. ಶುಕ್ರವಾರದ ರಜೆಯೂ ನಿಂತಿತು. ಗಲ್ಲಿಯಲ್ಲಿ ಹುರುಪಿನಿಂದ ಶುರುವಾಗಿದ್ದ ಬೇರೆ ತೋಟಗಳೆಲ್ಲ ಒಣಗಿದವು. ಇವರದು ಮಾತ್ರ ಹಸಿರಾಗಿಯೇ ಇತ್ತು. ದಯಾರತ್ನ ಆಗಾಗ ಮನೆಯ ಹಿಂದೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಡುವ ಮಾತಾಡುತ್ತಿದ್ದ. ಜಾಗ ಸಾಲದು, ಒಂದೇ ಕೋಣೆ ಆಗುತ್ತದೆ ಎಂದು ಕೊರಗುತ್ತಿದ್ದ. "ಒಂದಾದ್ರೂ ಕಟ್ಟು, ಹೆಂಡ್ತಿಗೆ ಆಸರೆಯಾಗುತ್ತೆ," ಎಂದು ಯಸವತಿ ಅಕ್ಕನೇ ಹೇಳಿದ್ದಳು.

ಅಷ್ಟರಲ್ಲಿ ನಿಲೂಕಾಗೆ ದಿನ ತುಂಬಿತು. ಯಸವತಿ ಅಕ್ಕ ರಜೆ ಹಾಕಿ ಅನುರಾಧಪುರಕ್ಕೆ ಹೊರಟಳು. ಹೊರಡುವ ಬೆಳಿಗ್ಗೆ ಪ್ರೇಮಲತಾ ಎಳೆಯ ಬದನೆ, ಬೆಂಡೆ, ಸೊಪ್ಪು ಎಲ್ಲ ಕೊಯ್ದು ಚೀಲ ತುಂಬಿದಳು. ದಯಾರತ್ನನ ಆಟೋದಲ್ಲಿ ತಾನೂ ಜೊತೆಗೆ ಹೋಗಿ ಬಸ್ಸು ಹತ್ತಿಸಿ ಬಂದಳು. "ನೀರಿನ ಯೋಚನೆ ಬಿಡಿ ಯಸಕ್ಕಾ, ನಾನಿದೀನಿ," ಎಂದಳು.

ಗಂಡು ಮಗು ಹುಟ್ಟಿತು. ಎರಡು ದಿನಕ್ಕೊಮ್ಮೆ ಪ್ರೇಮಲತಾಳ ಫೋನು. ಅಲಸಂದೆ ಮತ್ತೆ ಹೂ ಬಿಟ್ಟಿದೆ ಎಂದಳು ಒಂದು ಸಲ. ಯಸವತಿ ಅಕ್ಕ ಹೊರಡುವ ತಯಾರಿಯಲ್ಲಿದ್ದಾಗ, "ಈಗಲೇ ಯಾಕೆ ಅಕ್ಕಾ? ಮಗು ಇನ್ನೂ ಹಸಿ. ಇನ್ನೊಂದು ವಾರ ಇದ್ದು ಬನ್ನಿ. ಇಲ್ಲಿ ಎಲ್ಲ ನಾನು ನೋಡ್ಕೋತೀನಿ," ಎಂದಳು. ಎಷ್ಟು ಒಳ್ಳೆಯ ಮಾತು ಎಂದು ನಿಲೂಕಾ ಕೂಡ ಹೇಳಿದಳಂತೆ. ಯಸವತಿ ಅಕ್ಕ ಉಳಿದಳು.

ಆ ವಾರ ಪ್ರೇಮಲತಾಳ ಮನೆಗೆ ಸಿಮೆಂಟು, ಇಟ್ಟಿಗೆ ಇಳಿದದ್ದನ್ನು ನಾನೂ ನೋಡಿದೆ. ಬಾಡಿಗೆಯ ಕೋಣೆಗೆ ಎಂದುಕೊಂಡೆ. ನಮ್ಮ ಗಲ್ಲಿಯ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಹಿತ್ತಲಲ್ಲಿ ಏನಾಗುತ್ತದೆ ಎಂಬುದು ಬೀದಿಗೆ ಕಾಣುವುದಿಲ್ಲ.

ಯಸವತಿ ಅಕ್ಕ ಮಧ್ಯಾಹ್ನ ಬಸ್ಸಿಳಿದು ಬಂದಳು. ಕೈಯಲ್ಲಿ ಎಮ್ಮೆ ಮೊಸರಿನ ಮಡಕೆ, ಬಗನಿ ಮರದ ಬೆಲ್ಲದ ಪಾಕದ ಸೀಸೆ, ಎರಡೂ ಪ್ರೇಮಲತಾಗೆ. ಬೀಗ ತೆಗೆದು ನೇರ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿ ನಾನು ಓಡಿದೆ.

ಹಿತ್ತಲ ನಡುವೆ ಇಟ್ಟಿಗೆಯ ಗೋಡೆ ಎದ್ದಿತ್ತು. ಗಾರೆ ಒಣಗಿ ಬೆಳ್ಳಗಾಗಿತ್ತು. ಬೇಲಿ ಇದ್ದ ಜಾಗದಲ್ಲಿ ಅಲ್ಲ, ಈ ಕಡೆಗೆ, ಅವಳ ಅಡಿಗೆಮನೆಯ ಮೆಟ್ಟಿಲಿನ ಹತ್ತಿರಕ್ಕೆ ಬಂದುಬಿಟ್ಟಿತ್ತು. ಅಲಸಂದೆ ಚಪ್ಪರ, ಬದನೆಯ ಸಾಲು, ಮರಗೆಣಸು ಎಲ್ಲ ಆ ಕಡೆ. ಈ ಕಡೆ ಉಳಿದದ್ದು ಅರ್ಧ ಸಾಲು ಬೆಂಡೆ. ಅದರ ಮೇಲೂ ಗಾರೆ ಸಿಡಿದಿತ್ತು.

ದಯಾರತ್ನ ಗೋಡೆಯ ಮೇಲಿಂದ ಮುಖ ತೋರಿಸಿದ. ಇಟ್ಟಿಗೆಯ ರಾಶಿಯ ಮೇಲೆ ನಿಂತಿದ್ದಿರಬೇಕು.

"ಇದೇನೋ ಇದು?"

"ಗೋಡೆ ಅಕ್ಕಾ. ನಾವು ಕೋಣೆ ಕಟ್ಬೇಕಲ್ಲ, ನಮ್ಮ ಗಡಿ ಹಾಕ್ಕೊಂಡ್ವಿ."

"ಗಡಿ? ಬೇಲಿ ಇದ್ದದ್ದು ಚಪ್ಪರದ ಹತ್ರ. ನೀನೇ ಕಿತ್ತವನು!"

"ಬೇಲಿ ಇದ್ದದ್ದು ಇಲ್ಲೇ. ಚಪ್ಪರ ನಾವು ನಮ್ಮ ಜಾಗದಲ್ಲೇ ಹಾಕಿದ್ದು. ನಿಮಗೆ ಮರ್ತಿದೆ ಅಷ್ಟೇ," ಎಂದ. ಅವನ ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಪೆಟ್ಟಿಗೆ ಅಂಗಡಿಯವನು ಬೆಲೆ ಹೇಳುವ ಹಾಗೆ ಹೇಳಿದ.

"ಪ್ರೇಮಾ! ಪ್ರೇಮಾ, ಹೊರಗೆ ಬಾರೇ! ಇವನು ಏನು ಹೇಳ್ತಿದಾನೆ ಕೇಳು!"

ಆ ಮನೆಯೊಳಗೆ ರೇಡಿಯೋ ಹಾಡುತ್ತಿತ್ತು. ಯಾರೋ ಅದರ ಸದ್ದನ್ನು ಜಾಸ್ತಿ ಮಾಡಿದರು.

ಮೊಸರಿನ ಮಡಕೆ ಅವಳ ಕೈಯಲ್ಲೇ ಇತ್ತು. ನಾನು ತೆಗೆದುಕೊಂಡು ಒಳಗಿಟ್ಟೆ. ಅದನ್ನು ಯಾರೂ ತಿನ್ನಲಿಲ್ಲ. ಹುಳಿಯಾಗಿ ಉಕ್ಕಿದ ಮೇಲೆ ನಾನೇ ಚೆಲ್ಲಿದೆ.

ಪಿಯದಾಸನಿಗೆ ಆ ಮನೆ ಅವನ ಸೋದರಮಾವನಿಂದ ಬಂದದ್ದು. ಹಳೆಯ ಪತ್ರದಲ್ಲಿ ಉತ್ತರಕ್ಕೆ ಗೊಬ್ಬರದ ಗಿಡದ ಬೇಲಿ ಎಂದಷ್ಟೇ ಇತ್ತು, ಅಳತೆಯ ನಕ್ಷೆ ಇರಲಿಲ್ಲ. ಆ ಬೇಲಿಯೇ ಈಗ ಇಲ್ಲ. ಅದರ ಬೇರೂ ಇಲ್ಲ. ಪತ್ರ ನೋಡಿದ ವಕೀಲರು ಅದನ್ನೇ ಹೇಳಿದರು. "ಒಂದು ಬುಡ ಉಳಿದಿದ್ರೂ ಸಾಕಿತ್ತಮ್ಮಾ," ಎಂದರು. ದಯಾರತ್ನ ಬೆವರು ಸುರಿಸಿ ಬುಡ ಕಿತ್ತದ್ದು ನಮಗಿಬ್ಬರಿಗೂ ಒಟ್ಟಿಗೇ ನೆನಪಾಯಿತು. ಯಸವತಿ ಅಕ್ಕ ನನ್ನ ಕೈ ಹಿಡಿದುಕೊಂಡಳು. 

ಸಂಧಾನ ಮಂಡಳಿಗೆ ದೂರು ಕೊಟ್ಟಳು. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಕೋಣೆಯಲ್ಲಿ ಮೂವರು ಹಿರಿಯರು ಕೂತು ಎರಡೂ ಕಡೆಯ ಮಾತು ಕೇಳಿದರು. ನಾನೂ ಹೋಗಿ ನನಗೆ ತಿಳಿದದ್ದನ್ನು ಹೇಳಿದೆ. ಬೇಲಿ ಎಲ್ಲಿತ್ತು, ಮೆಟ್ಟಿಲಿನಿಂದ ಎಷ್ಟು ದೂರ ಎಂದು ಕೇಳಿದರು. ತುಂಬ ದೂರ ಎಂದೆ. ಅಳತೆ ಹೇಳಿ ಎಂದರು. ಅಳತೆ ಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಬದುಕುವವಳು ನಾನು, ಆದರೆ ಪಕ್ಕದವರ ಬೇಲಿಯನ್ನು ಯಾರು ಅಳೆದಿರುತ್ತಾರೆ?

ಯಸವತಿ ಅಕ್ಕನಿಗೆ ಅದರಿಂದ ಬೇಸರವಾಗಲಿಲ್ಲ. "ಪ್ರೇಮಾನ ಕೇಳಿ. ಅವಳು ಹೇಳಿದ್ರೆ ಮುಗೀತು. ನಾನು ಒಪ್ಕೋತೀನಿ," ಎಂದಳು. ಅಷ್ಟು ದಿನವೂ ಅವಳ ನಂಬಿಕೆ ಅದೊಂದೇ ಆಗಿತ್ತು. ಗಂಡನ ಹೆದರಿಕೆಗೆ ಮನೆಯೊಳಗೆ ಸುಮ್ಮನಿದ್ದಾಳೆ, ನಾಲ್ಕು ಜನರ ಮುಂದೆ ಸುಳ್ಳು ಹೇಳುವವಳಲ್ಲ ಎಂದು.

ಪ್ರೇಮಲತಾ ಬಿಳಿ ಸೀರೆ ಉಟ್ಟು ಬಂದಿದ್ದಳು, ಹುಣ್ಣಿಮೆಗೆ ವಿಹಾರಕ್ಕೆ ಹೋಗುವ ಹಾಗೆ. ಹಿರಿಯರಲ್ಲಿ ಒಬ್ಬರು, "ಮಗಳೇ, ಬೇಲಿ ಎಲ್ಲಿತ್ತು?" ಎಂದರು.

"ಈಗ ಗೋಡೆ ಇದೆಯಲ್ಲ, ಅಲ್ಲೇ ಇತ್ತು."

"ಗಟ್ಟಿಯಾಗಿ ಹೇಳ್ತೀಯಾ?"

"ಹೌದು. ಅಲ್ಲೇ ಇತ್ತು." ಹೇಳುವಾಗ ಅವಳು ಯಸವತಿ ಅಕ್ಕನ ಕಡೆಗೇ ನೋಡಿದಳು. ಕಣ್ಣು ತಪ್ಪಿಸಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ರಾಜಿಯಾಗಲಿಲ್ಲ. ಕೋರ್ಟಿಗೆ ಹೋಗಬಹುದು ಎಂದು ಚೀಟಿ ಕೊಟ್ಟು ಕಳಿಸಿದರು. ವಕೀಲರು ಇದು ಮೊಮ್ಮಗ ದೊಡ್ಡವನಾಗುವವರೆಗೆ ನಡೆಯುವ ವ್ಯವಹಾರ ಎಂದರು. ನಿಲೂಕಾ ಫೋನಿನಲ್ಲಿ ಅತ್ತು, "ಬಿಟ್ಬಿಡು ಅಮ್ಮಾ, ಇಲ್ಲಿಗೆ ಬಂದ್ಬಿಡು," ಎಂದಳು. ಯಸವತಿ ಅಕ್ಕ ಕೋರ್ಟಿಗೂ ಹೋಗಲಿಲ್ಲ, ಮಗಳ ಮನೆಗೂ ಹೋಗಲಿಲ್ಲ.

ಒಂದು ಸಂಜೆ ನನ್ನ ಯಂತ್ರದ ಪಕ್ಕ ಕೂತು ಹೇಳಿದಳು: "ಜಾಗ ಹೋಯ್ತು, ಹೋಗ್ಲಿ ಸೆಲ್ವಿ. ಆ ವರ್ಷ ಹೋಯ್ತಲ್ಲ. ಅಷ್ಟು ಚೆನ್ನಾಗಿದ್ದೆ ನಾನು. ಈಗ ಏನು ನೆನಸ್ಕೊಂಡ್ರೂ ಅದರ ಹಿಂದೆ ಇವರು ಏನು ಯೋಚಿಸ್ತಿದ್ರೋ ಅನ್ಸುತ್ತೆ. ಎಳನೀರು ಕೊಟ್ಟಾಗ ಅವನ ಮನಸ್ಸಲ್ಲಿ ಏನಿತ್ತು? ಒಂದೇ ತಟ್ಟೇಲಿ ತಿಂದಾಗ ಅವಳ ಮನಸ್ಸಲ್ಲಿ ಏನಿತ್ತು? ಒಂದು ದಿನವಾದ್ರೂ ನಿಜವಾಗಿತ್ತಾ?"

ನಾನು ದಾರ ಕಚ್ಚಿ ತುಂಡು ಮಾಡಿದೆ, ಮತ್ತೆ ಪೋಣಿಸಿದೆ.

ಮಳೆಗಾಲ ಕಳೆದ ಮೇಲೆ ದಯಾರತ್ನನ ತಾಯಿ ಊರಿನಲ್ಲಿ ತೀರಿಕೊಂಡರು. ಮೂರು ತಿಂಗಳು ತುಂಬಿದಾಗಿನ ದಾನವನ್ನು ಇಲ್ಲಿಯ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ದಾನಕ್ಕೆ ಮನೆಮನೆಗೆ ಹೋಗಿ ಕರೆಯಬೇಕು, ಕರೆದರೆ ಯಾರೂ ಬರುವುದಿಲ್ಲ ಎನ್ನುವುದಿಲ್ಲ. ನಮ್ಮ ಗಲ್ಲಿಯಲ್ಲಿ ತಮಿಳರಾದ ನಾವೂ ಹೋಗುತ್ತೇವೆ. ನಾನು ರವಿಕೆಯ ಅಳತೆಗೆಂದು ಯಸವತಿ ಅಕ್ಕನ ಅಡಿಗೆಮನೆಯಲ್ಲಿದ್ದಾಗ ಪ್ರೇಮಲತಾ ಬೀದಿ ಬಾಗಿಲಿನಿಂದ ಒಳಗೆ ಬಂದಳು. ಆ ಮನೆಗೆ ಅವಳು ಬೀದಿ ಬಾಗಿಲಿನಿಂದ ಬಂದದ್ದು ಅದೇ ಮೊದಲಿರಬೇಕು.

"ಯಸಕ್ಕಾ, ದಾನಕ್ಕೆ ಬರ್ಬೇಕು. ನಮ್ಮತ್ತೆಗೆ ನೀವಂದ್ರೆ ಇಷ್ಟ ಇತ್ತು."

ಯಸವತಿ ಅಕ್ಕ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಕೂತ್ಕೋ. ಒಂದು ಮಾತು ಕೇಳ್ತೀನಿ. ಜಾಗದ ಮಾತಲ್ಲ. ಬೇಲಿ ಕಿತ್ತಾಗ ನಿನಗೆ ಗೊತ್ತಿತ್ತಾ?"

"ಇಲ್ಲ ಅಕ್ಕಾ. ಬುದ್ಧನಾಣೆ. ಆಗ ಅವರಿಗೂ ಅಂಥ ಯೋಚನೆ ಇರ್ಲಿಲ್ಲ."

"ಮತ್ತೆ ಯಾವಾಗ?"

ಪ್ರೇಮಲತಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕೋಣೆಯ ಮಾತು ಬಂದ ಮೇಲೆ. ಒಂದೇ ಕೋಣೆ ಕಟ್ಟಿದ್ರೆ ಏನೂ ಗಿಟ್ಟಲ್ಲ ಅಂದ್ರು. ನಾನು ಬೇಡ ಅಂದೆ. ಎಷ್ಟೋ ಸಲ ಅಂದೆ."

"ನಾನು ನಿಲೂಕಾ ಹತ್ರ ಹೊರಟಾಗ ಗೊತ್ತಿತ್ತಾ?"

ಪ್ರೇಮಲತಾ ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚಿದಳು.

"ಬಸ್ಸು ಹತ್ತಿಸೋಕೆ ಬಂದೆ. ಚೀಲ ತುಂಬಿಸಿ ಕೊಟ್ಟೆ. ಇನ್ನೊಂದು ವಾರ ಇದ್ದು ಬನ್ನಿ ಅಂದ್ಯಲ್ಲ ಫೋನಲ್ಲಿ, ಅದು ಯಾಕೆ?"

ಪ್ರೇಮಲತಾ ಬಾಗಿಲ ಕಡೆಗೆ ತಿರುಗಿದಳು. ಆಮೇಲೆ, "ಗಾರೆ ಒಣಗ್ಬೇಕಿತ್ತು ಅಕ್ಕಾ," ಎಂದಳು.

ತುರಿಮಣೆಯ ಸದ್ದು ನಿಂತಿತು. ಯಸವತಿ ಅಕ್ಕ ಅರ್ಧ ಹೋಳನ್ನು ತಟ್ಟೆಯಲ್ಲಿ ಇಟ್ಟಳು. ಬೈಯುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಬೈಯಲಿಲ್ಲ.

"ಸರಿ, ಹೋಗು. ಇನ್ನೂ ಎಷ್ಟೋ ಮನೆ ಕರೀಬೇಕಲ್ಲ ನಿನಗೆ," ಎಂದಳು.

"ಬರ್ತೀರಾ ಅಕ್ಕಾ?"

"ಇಲ್ಲ."

ಪ್ರೇಮಲತಾ ಅತ್ತಳು. ಅವಳ ಅಳು ನಿಜದ್ದೇ ಎಂದು ನನಗೆ ಅನ್ನಿಸಿತು. ಯಸವತಿ ಅಕ್ಕ ಅದನ್ನು ನೋಡಿಯೂ ಏಳಲಿಲ್ಲ. ದಾನದ ದಿನ ಗಲ್ಲಿಯ ಎಲ್ಲ ಮನೆಯವರೂ ಬಿಳಿ ಬಟ್ಟೆ ತೊಟ್ಟು ಆ ಮನೆಗೆ ಹೋದರು. ಇವಳು ಬಾಗಿಲು ಹಾಕಿಕೊಳ್ಳಲಿಲ್ಲ, ಊರಿಗೆ ಹೋದೆ ಎಂಬ ನೆಪವನ್ನೂ ಹೇಳಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಜಗಲಿಯ ಮೇಲೆ ಕೂತು ಅಕ್ಕಿ ಆರಿಸಿದಳು. ಕೆಲವರಿಗೆ ಅದು ತಪ್ಪೆನಿಸಿತು. ಸತ್ತವರ ಮೇಲೆ ಹಗೆ ಯಾಕೆ ಎಂದರು.

ಈಗ ಆ ಎರಡು ಕೋಣೆಗಳಲ್ಲಿ ಬಟ್ಟೆ ಕಾರ್ಖಾನೆಗೆ ಹೋಗುವ ಹುಡುಗಿಯರು ಬಾಡಿಗೆಗೆ ಇದ್ದಾರೆ. ಯಸವತಿ ಅಕ್ಕ ನಿವೃತ್ತಳಾದಳು. ಉಳಿದ ತುಂಡು ಹಿತ್ತಲಲ್ಲಿ ಈಗಲೂ ಬೆಳೆಯುತ್ತಾಳೆ. ಯಾರ ಹತ್ತಿರವೂ ಕೇಳದೆ ತಾನೇ ಹಾಳು ಮಾಡಿ, ತಾನೇ ಕಲಿತಳು. ಗೋಡೆಯ ನೆರಳಿನಲ್ಲಿ ಬೆಂಡೆ ಬರುವುದಿಲ್ಲ, ಸೊಪ್ಪು ಬರುತ್ತದೆ. ಬಿಸಿಲು ಸಿಗುವ ಕಡೆ ಮೆಣಸಿನ ಗಿಡ ಇಟ್ಟಿದ್ದಾಳೆ. ಬೀಜ ಬೇಕೆಂದವರಿಗೆ ಕೊಡುತ್ತಾಳೆ, ಬೆಳೆಸುವುದು ಹೇಗೆಂದು ಯಾರಾದರೂ ಕೇಳಿದರೆ, "ನೀವೇ ಮಾಡಿ ನೋಡಿ," ಎನ್ನುತ್ತಾಳೆ.

ಮೊನ್ನೆ ಒಬ್ಬ ಹುಡುಗಿ ಆ ಕಡೆಯಿಂದ ಗೋಡೆಯ ಮೇಲೆ ಕೈ ಚಾಚಿ, "ಅಮ್ಮಾ, ನಾಲ್ಕು ಮೆಣಸಿನಕಾಯಿ ಕೊಡ್ತೀರಾ?" ಎಂದು ಕೂಗಿದಳು. ಹೊಸದಾಗಿ ಬಂದವಳು, ಏನೂ ಗೊತ್ತಿಲ್ಲದವಳು. ನಾನು ಅಲ್ಲೇ ಇದ್ದೆ. ಯಸವತಿ ಅಕ್ಕ ಮೆಣಸಿನಕಾಯಿ ಕೊಯ್ದಳು, ನಾಲ್ಕಲ್ಲ, ಒಂದು ಹಿಡಿ. ಆದರೆ ಗೋಡೆಯ ಹತ್ತಿರ ಹೋಗಲಿಲ್ಲ.

"ಬೀದಿ ಸುತ್ಕೊಂಡು ಬಾಗಿಲಿಗೆ ಬಾ ಮಗಳೇ," ಎಂದಳು. "ಇಲ್ಲಿಂದ ಕೊಡಲ್ಲ."